ಒರಳು, ದಾಂಡು ಮತ್ತು ನನ್ನ ಎಡಗೈ

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಎಲ್ಲರ ಮುಂದೆಯೂ ತಟ್ಟೆ ಇರುತ್ತಿತ್ತು. ನನ್ನ ಮುಂದೆ ಮಾತ್ರ ತಟ್ಟೆಯ ಜೊತೆಗೆ ಒಂದು ಬಟ್ಟೆಯ ಪಟ್ಟಿಯೂ ಇರುತ್ತಿತ್ತು. ಅತ್ತೆಯ ಹಳೆಯ ಸೀರೆಯ ಅಂಚಿನಿಂದ ಹರಿದದ್ದು. ಒಂದು ಕಾಲಕ್ಕೆ ಕೆಂಪಗಿದ್ದಿರಬೇಕು, ಒಗೆದು ಒಗೆದು ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದಿತ್ತು. ನಾನು ಮಣೆಯ ಮೇಲೆ ಕೂತ ಕೂಡಲೇ ಅತ್ತೆ ಬಂದು ನನ್ನ ಎಡಗೈಯನ್ನು ಬೆನ್ನ ಹಿಂದಕ್ಕೆ ಮಡಚಿ ಲಂಗದ ಲಾಡಿಗೆ ಸೇರಿಸಿ ಆ ಪಟ್ಟಿಯಿಂದ ಕಟ್ಟುತ್ತಿದ್ದಳು. ನೋಯುವಂಥ ಕಟ್ಟಲ್ಲ ಅದು, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಆದರೆ ನಾನು ಎಳೆಯುತ್ತಿರಲಿಲ್ಲ. ನಾನು ಹುಟ್ಟಾ ಎಡಚಿ. ಮುದ್ದೆ ಮುರಿಯುವುದಕ್ಕೂ, ಕಸ ಗುಡಿಸುವುದಕ್ಕೂ, ಓಡುವ ಕರುವಿನ ಹಗ್ಗ ಹಿಡಿಯುವುದಕ್ಕೂ ನನ್ನ ಮೈಯಿಂದ ಮೊದಲು ಹೊರಡುತ್ತಿದ್ದದ್ದು ಎಡಗೈಯೇ. ಹಾಗೆ ಹೊರಟ ಕೈಯನ್ನು ಅರ್ಧ ದಾರಿಯಲ್ಲಿ ಹಿಂದಕ್ಕೆ ಕರೆಸಿಕೊಂಡು ಬಲಗೈಯನ್ನು ಕಳಿಸುವುದೇ ನನ್ನ ಬಾಲ್ಯದ ದೊಡ್ಡ ಕೆಲಸವಾಗಿತ್ತು. ಹೆಣ್ಣುಮಗು, ನಾಳೆ ಇನ್ನೊಬ್ಬರ ಮನೆಯಲ್ಲಿ ಬಡಿಸಬೇಕಾದವಳು, ಎಡಗೈಯಲ್ಲಿ ಬಡಿಸಿದರೆ ಯಾರು ಉಂಡಾರು ಎಂಬುದು ಅಪ್ಪನ ಮಾತು. ಅಪ್ಪನ ಮಾತನ್ನು ನಡೆಸುವುದು ಅತ್ತೆಯ ಪಾಲಿಗೆ ಬಂದಿತ್ತು.

"ಯಾವ ಕೈ?"

ಈ ಎರಡು ಪದ ಅತ್ತೆಯ ಬಾಯಲ್ಲಿ ದಿನವಿಡೀ ಇರುತ್ತಿದ್ದವು. ಬಾಗಿಲ ಅಗುಳಿ ತೆಗೆಯಹೋದರೆ ಯಾವ ಕೈ, ಹಂಡೆಯಿಂದ ನೀರು ಮೊಗೆಯಹೋದರೆ ಯಾವ ಕೈ, ದೀಪಕ್ಕೆ ಬತ್ತಿ ಹಾಕಹೋದರೆ ಯಾವ ಕೈ. ಅವಳು ನನಗೆ ಬೆನ್ನು ಮಾಡಿ ಅವರೆಕಾಯಿ ಸುಲಿಯುತ್ತ ಕೂತಿದ್ದರೂ ಅವಳಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಬರಬರುತ್ತ ಅವಳು ಕೇಳುವ ಅಗತ್ಯವೇ ಉಳಿಯಲಿಲ್ಲ. ನಾನೇ ನನ್ನನ್ನು ಕೇಳಿಕೊಳ್ಳಲು ಕಲಿತೆ. ಯಾರಾದರೂ ನನಗೆ ಏನನ್ನಾದರೂ ಕೊಡಬಂದರೆ ಸಾಕು, ನಾನು ಒಂದು ಗಳಿಗೆ ಕಲ್ಲಿನ ಹಾಗೆ ನಿಂತು, ಒಳಗೊಳಗೇ ವಿಚಾರಣೆ ನಡೆಸಿ, ಆಮೇಲೆ ಕೈ ಚಾಚುತ್ತಿದ್ದೆ. ಕೊಡಬಂದವರಿಗೆ ಅಷ್ಟು ಹೊತ್ತಿಗೆ ಬೇಸರ ಬಂದಿರುತ್ತಿತ್ತು. ಪಾರ್ವತಿ ಸ್ವಲ್ಪ ಮಂದ ಎಂದು ನನ್ನ ಬಗ್ಗೆ ನೆಂಟರಿಷ್ಟರಲ್ಲಿ ಮಾತಿತ್ತು. ಮಂದವಲ್ಲ, ಅನುಮಾನ. ಆದರೆ ಅದನ್ನು ಹೇಳುವಷ್ಟು ಮಾತು ಆ ವಯಸ್ಸಿನಲ್ಲಿ ನನಗಿರಲಿಲ್ಲ.

ಅಜ್ಜಂಪುರದಲ್ಲಿ ಅಂತರಘಟ್ಟೆಯ ದಾರಿ ಹಿಡಿಯುವ ಮುಂಚೆ ಸಿಗುವ ಕೇರಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಒಳಗೆ ಪಡಸಾಲೆ, ಅದಾದ ಮೇಲೆ ನಡುಮನೆ, ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಅಡುಗೆಮನೆ. ಹೊಲವೆಲ್ಲ ಮಳೆಯನ್ನೇ ನಂಬಿದ್ದು. ರಾಗಿ, ಜೋಳ, ನವಣೆ, ಹುರುಳಿ, ಅಂಚಿಗೆ ಹುಚ್ಚೆಳ್ಳು. ಹಿತ್ತಲಿಗೆ ಹೊಂದಿಕೊಂಡು ತೆಂಗಿನ ತೋಟ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಚೀಲಗಳ ಮೇಲೆ ಹತ್ತಿಳಿದೇ ಬಾಗಿಲಿಗೆ ಹೋಗಬೇಕು. ಆ ಚೀಲಗಳಿಗೂ ಕಣಜಕ್ಕೂ ಅಡುಗೆಮನೆಗೂ ಒಡತಿ ಅತ್ತೆ. ಅಪ್ಪನ ಒಡಹುಟ್ಟಿದ ಅಕ್ಕ. ಸಖರಾಯಪಟ್ಟಣಕ್ಕೆ ಕೊಟ್ಟಿದ್ದರಂತೆ, ನಾನು ಹುಟ್ಟುವುದಕ್ಕೆ ಮೊದಲೇ ತಿರುಗಿ ಬಂದಿದ್ದಳಂತೆ. ಯಾಕೆ ಬಂದಳೆಂದು ಯಾರೂ ಹೇಳುತ್ತಿರಲಿಲ್ಲ, ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ಸೊಂಟದಲ್ಲಿ ಬೀಗದಕೈ, ಹಣೆಯ ತುಂಬ ವಿಭೂತಿ, ಬಾಯಲ್ಲಿ ಸದಾ ಒಂದು ಗದರಿಕೆ. ನನ್ನ ಅವ್ವ ಮೆತ್ತಗಿನವಳು; ಮನೆ ನಡೆಯುತ್ತಿದ್ದದ್ದು ಅತ್ತೆಯ ದನಿಯಲ್ಲಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವ ಎದೆಗಾರಿಕೆ ಅಪ್ಪನಿಗೂ ಇರಲಿಲ್ಲ, ಸುಮ್ಮನೆ ಎರಡು ಚೊಂಬು ನೀರು ಕುಡಿದು ಏಳುತ್ತಿದ್ದ.

ನಮ್ಮೂರ ಹೆಣ್ಣುಮಕ್ಕಳ ಶಾಲೆಗೆ ಆ ವರ್ಷ ಮೈಸೂರಲ್ಲಿ ಓದಿದ ಹೊಸ ಟೀಚರಮ್ಮ ಬಂದರು. ಕಾಲಿಗೆ ಚಪ್ಪಲಿ, ಕೈಗೆ ಗಡಿಯಾರ, ಮಾತಿಗೆ ಮೊದಲು ನಗು. ಹೆಣ್ಣುಮಕ್ಕಳು ಕೂತೇ ಇದ್ದರೆ ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು ಅವರು ನಮಗೆ ರೌಂಡರ್ಸ್ ಎಂಬ ಆಟ ಕಲಿಸಿದರು. ಒಬ್ಬಳು ಚೆಂಡೆಸೆಯಬೇಕು, ಒಬ್ಬಳು ಮೊಳದುದ್ದದ ದಾಂಡನ್ನು ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು, ಹೊಡೆದು ಬಯಲಿನ ಸುತ್ತ ನೆಟ್ಟ ಗೂಟಗಳನ್ನು ಸುತ್ತಿ ಬರಬೇಕು. ಚೆಂಡು ನಮ್ಮದೇ ತಯಾರಿ; ಹಳೆಬಟ್ಟೆಯ ಉಂಡೆಗೆ ತೆಂಗಿನ ನಾರಿನ ಹುರಿ ಸುತ್ತಿ ಮೇಲೆ ಮತ್ತೆ ಬಟ್ಟೆ ಹೊಲಿದದ್ದು. ಮೆತ್ತಗಿದ್ದರಿಂದ ತಾಗಿದರೂ ನೋಯುತ್ತಿರಲಿಲ್ಲ. ಓಡುವುದರಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಹೊಡೆಯುವುದು ಮಾತ್ರ ಆಗದ ಕೆಲಸ. ಚೆಂಡು ಎದುರಿನವಳ ಕೈ ಬಿಟ್ಟೊಡನೆ ನನ್ನ ಎಡಭುಜ ಎದ್ದೇಳುತ್ತಿತ್ತು. ಅದನ್ನು ಸುಮ್ಮನಿರಿಸಿ ಬಲಗೈಗೆ ಅಪ್ಪಣೆ ಕೊಡುವಷ್ಟರಲ್ಲಿ ಚೆಂಡು ನನ್ನನ್ನು ದಾಟಿ ಹಿಂದೆ ನಿಂತವಳ ಮಡಿಲು ಸೇರಿರುತ್ತಿತ್ತು. ಆಮೇಲೆ ನನ್ನ ದಾಂಡು ಬರಿಯ ಗಾಳಿಯನ್ನು ಹೊಡೆಯುತ್ತಿತ್ತು. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಪಾರ್ವತಿ, ನಿನ್ನ ದಾಂಡು ಚೆಂಡನ್ನ ಬೀಳ್ಕೊಡೋಕೆ ಬರುತ್ತಲ್ಲಮ್ಮ, ಹೊಡೆಯೋಕಲ್ಲ," ಎಂದು ಟೀಚರಮ್ಮನೂ ನಕ್ಕರು. ಆಮೇಲೆ ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ಎಡಗೈಲಿ ಹೊಡಿ ನೋಡೋಣ. ಆಟಕ್ಕೆ ಯಾವ ಕೈಯಾದ್ರೇನು?"

"ಮನೇಲಿ ಬೈತಾರ್ರೀ."

"ಹಾಗಾದ್ರೆ ಮನೇಲಿ ಕೇಳ್ಕೊಂಡು ಬಾ. ನಾನು ಮಕ್ಕಳನ್ನ ತರೀಕೆರೆಗೆ ಕರ್ಕೊಂಡು ಹೋಗ್ತಿದೀನಿ, ಅಲ್ಲಿ ಶಾಲೆಯವರ ಜೊತೆ ಆಡೋಕೆ. ಅಷ್ಟರೊಳಗೆ ಹೊಡೆಯೋದು ಬಂದ್ರೆ ನೀನು ಬರ್ತೀಯ. ಬರದಿದ್ರೆ ರುದ್ರಮ್ಮ ಬರ್ತಾಳೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇರಲು ನನ್ನಿಂದಾಗಲಿಲ್ಲ. ಆ ವರ್ಷ ದಾಟಿದರೆ ನನ್ನ ಶಾಲೆ ಮುಗಿಯಿತೆಂದು ಅಪ್ಪ ಆಗಲೇ ಹೇಳಿಯಾಗಿತ್ತು. ಓದು ಹೋಗುವುದಕ್ಕೆ ನನಗೆ ಅಷ್ಟು ದುಃಖವಿರಲಿಲ್ಲ, ನಿಜ ಹೇಳುತ್ತೇನೆ. ಲೆಕ್ಕ ನನಗೆ ಎಂದೂ ಒಗ್ಗಲಿಲ್ಲ. ಆದರೆ ಅವ್ವನ ಸೆರಗು ಹಿಡಿಯದೆ, ನಾನೇ ನಾನಾಗಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಇನ್ನೊಂದು ರೈಲು ಹತ್ತಿ, ಬೇರೆ ಊರಿನ ಬಯಲಿನಲ್ಲಿ ಓಡುವುದು ಮತ್ತೆ ಯಾವ ಕಾಲಕ್ಕೆ ಸಿಕ್ಕೀತು? ಮನೆಯಲ್ಲಿ ಕೇಳುವುದಂತೂ ಆಗದ ಮಾತು. ಕೇಳಬೇಕಾದದ್ದು ಅತ್ತೆಯನ್ನು. ದಿನಕ್ಕೆರಡು ಹೊತ್ತು ನನ್ನ ಕೈ ಕಟ್ಟುವವಳ ಹತ್ತಿರ ಹೋಗಿ, ಈ ಕೈಯನ್ನು ಆಟಕ್ಕೆ ಬಿಡುತ್ತೀಯಾ ಎಂದು ಹೇಗೆ ಕೇಳಲಿ? ನಾನು ರುದ್ರಿಯ ಮುಖ ಕಂಡರೆ ಬೇರೆ ದಾರಿ ಹಿಡಿಯತೊಡಗಿದೆ.

ಅಷ್ಟರಲ್ಲಿ ಅವ್ವ ಹೆರಿಗೆಗೆಂದು ಕಡೂರಿನ ಹತ್ತಿರದ ತವರಿಗೆ ಹೋದಳು. ಅವಳು ಹೋದದ್ದೇ ಒರಳಿನ ಒಂದು ಮಗ್ಗುಲು ಖಾಲಿಯಾಯಿತು. ನಮ್ಮ ಹಿಂದಿನ ಜಗಲಿಯಲ್ಲಿ ನೆಲಕ್ಕೆ ಹೂತ ಕಲ್ಲಿನ ಒರಳೊಂದಿತ್ತು. ನವಣೆಯನ್ನು ಅದರಲ್ಲಿ ಹಾಕಿ ಅತ್ತೆ ಒಂದು ಕಡೆ, ಅವ್ವ ಒಂದು ಕಡೆ ನಿಂತು ಎರಡು ಒನಕೆ ಹಿಡಿದು ಕುಟ್ಟಿ ಅಕ್ಕಿ ಮಾಡುತ್ತಿದ್ದರು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳಬೇಕು. ಹೆಚ್ಚುಕಮ್ಮಿಯಾದರೆ ಒನಕೆಗೆ ಒನಕೆ ಬಡಿದು ಮುಖಕ್ಕೋ ಕಾಲಿಗೋ ಪೆಟ್ಟು. ಅದಕ್ಕಾಗಿಯೇ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಿರಲಿಲ್ಲ. ಈಗ ಬೇರೆ ದಾರಿಯಿಲ್ಲದೆ ಅತ್ತೆ ನನ್ನನ್ನು ಕರೆದು ಅವ್ವನ ಒನಕೆ ಕೈಗಿಟ್ಟಳು. ನನ್ನ ತಲೆಗಿಂತ ಎತ್ತರದ ಒನಕೆ, ಹಿಡಿಯುವ ಜಾಗ ಅಂಗೈ ತಾಗಿ ತಾಗಿ ನುಣ್ಣಗಾಗಿತ್ತು.

"ಕೈ ಬದಲಾಯಿಸ್ತಾ ಇರ್ಬೇಕು. ಒಂದೇ ಕೈಲಿ ಕುಟ್ಟಿದ್ರೆ ಸಾಯಂಕಾಲಕ್ಕೆ ತೋಳು ಏಳಾಕಿಲ್ಲ."

"ಎಡಗೈಲೂವಾ?"

"ಒನಕೆಗೆ ಎಡ ಬಲ ಇಲ್ಲ ಕಣೇ. ಕುಟ್ಟು."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಮೊದಲು ಬಲಗೈಯಿಂದ ಶುರು ಮಾಡಿದೆ. ತಡವರಿಸಿಕೊಂಡು ಬಿತ್ತು, ಅತ್ತೆಯ ಒನಕೆಗೆ ಬಡಿಯಿತು, ಅವಳು ಬೈದಳು. ಎಡಗೈಗೆ ಬದಲಾಯಿಸಿದೆ. ಏನಾಯಿತೆಂದು ಹೇಗೆ ಹೇಳಲಿ, ಒನಕೆ ತಾನಾಗಿ ಏಳತೊಡಗಿತು. ಅವಳದು ಬಿದ್ದ ಸದ್ದು, ನನ್ನದು ಬಿದ್ದ ಸದ್ದು, ಅವಳದು, ನನ್ನದು. ನಡುವೆ ಏನನ್ನೂ ಕೇಳಿಕೊಳ್ಳಲು ಸಮಯವಿರಲಿಲ್ಲ, ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ಹೊಟ್ಟು ಮೇಲೆದ್ದು ಬಿಸಿಲಿನಲ್ಲಿ ಆಡುತ್ತಿತ್ತು. ಮತ್ತೆ ಬಲಗೈಗೆ ಬಂದಾಗ ಮತ್ತೆ ಬಡಿದಾಟ. ಅತ್ತೆ ಒನಕೆ ನಿಲ್ಲಿಸಿದಳು. ಆಗ ನೋಡಿದೆ, ಅವಳ ಒನಕೆಯೂ ಎಡಗೈಯಲ್ಲೇ ಇತ್ತು. ಆಗಿನಿಂದಲೂ ಅಲ್ಲೇ ಇತ್ತು. ನನಗೆ ಕೈ ಬದಲಾಯಿಸೆಂದವಳು ತಾನು ಬದಲಾಯಿಸಿರಲೇ ಇಲ್ಲ.

"ಅತ್ತೆ, ನೀನೂವಾ?"

ನನ್ನ ಪ್ರಶ್ನೆಗೆ ಬದಲು ಅವಳದೇ ಒಂದು ಪ್ರಶ್ನೆ ಬಂತು.

"ಬಲಗೈಗೆ ಬಂದಾಗ ಒಂದು ಗಳಿಗೆ ತಡೀತೀಯಲ್ಲ, ಯಾಕೆ?"

"ಕೇಳ್ಕೋತೀನಿ."

"ಯಾರ್ನ?"

"ಯಾರ್ನೂ ಇಲ್ಲ. ಯಾವ ಕೈ ಅಂತ ಒಳಗೇ ಕೇಳ್ಕೋತೀನಿ. ಆಮೇಲೆ ಎತ್ತೀನಿ."

ಅತ್ತೆ ಒನಕೆಯನ್ನು ಗೋಡೆಗೆ ಒರಗಿಸಿ ಜಗಲಿಯ ಅಂಚಿಗೆ ಕೂತಳು. ಅವಳು ಕೆಲಸದ ನಡುವೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಕಣ್ಣೀರೋ ನಾನು ಕೇಳಲಿಲ್ಲ. ಹೆದರಿಕೆ ಹೋಗಿಬಿಟ್ಟಿದ್ದರಿಂದ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಚೆಂಡು, ದಾಂಡು, ನಗುವ ಹುಡುಗಿಯರು, ತರೀಕೆರೆ, ನನ್ನ ಬದಲು ಹೋಗಲಿರುವ ರುದ್ರಿ. ಅವಳು ಕೇಳಿಸಿಕೊಂಡಳು. ಆಮೇಲೆ ತನ್ನ ಕಥೆ ಹೇಳಿದಳು, ಯಾರದೋ ಮನೆಯ ಸುದ್ದಿ ಹೇಳುವಷ್ಟು ತಣ್ಣಗೆ. ಸಖರಾಯಪಟ್ಟಣದ ಮನೆಯಲ್ಲಿ ನೆಂಟರು ಊಟಕ್ಕೆ ಕೂತಿದ್ದರಂತೆ. ಪಂಕ್ತಿ ಉದ್ದವಿತ್ತು, ಸಾರು ಆರುತ್ತಿತ್ತು, ಅವಸರದಲ್ಲಿ ಸೌಟು ಎಡಗೈಗೆ ಬಂದುಬಿಟ್ಟಿತ್ತು. ಹಿರಿಯರೊಬ್ಬರು ಎಲೆ ಬಿಟ್ಟು ಎದ್ದರು. ಅತ್ತೆಯ ಅತ್ತೆ ಅದನ್ನು ಮರೆಯಲಿಲ್ಲ. ಮಗನಿಗೆ ಇನ್ನೊಂದು ಸಂಬಂಧ ನೋಡಿದರು, ಇವಳನ್ನು ತವರಿಗೆ ಕಳಿಸಿದರು.

"ಬ್ಯಾಡಾದ ಮೇಲೆ ಕೈ ಆದ್ರೂ ಆಯ್ತು, ಕಾಲಾದ್ರೂ ಆಯ್ತು. ಒಂದು ನೆಪ ಬೇಕಿತ್ತು ಅವ್ರಿಗೆ, ನನ್ ಕೈ ಸಿಕ್ತು. ಅದಕ್ಕೇ ನಿಂಗೆ ಕಟ್ತಾ ಬಂದೆ. ನಿನ್ ಕೈಲಿ ಯಾರಿಗೂ ನೆಪ ಸಿಗ್ಬಾರ್ದು ಅಂತ." ನನ್ನ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು, "ಕೈಗೆ ಕಟ್ಟಿದ್ದು ತಲೆಗೆ ಹತ್ತಿಬಿಟ್ಟದೆ ನೋಡು."

ಮಾರನೆಯ ದಿನ ಅಪ್ಪ ಹೊಲಕ್ಕೆ ಹೋದದ್ದೇ ಅತ್ತೆ ಅಟ್ಟದಿಂದ ಒಂದು ಹಳೆಯ ಒನಕೆ ಇಳಿಸಿದಳು. ತುದಿ ಸೀಳಿದ್ದರಿಂದ ಮೂಲೆ ಸೇರಿದ್ದು. ಬಡಗಿಗೆ ಹೇಳಿದರೆ ಊರಿಗೆಲ್ಲ ಡಂಗುರವಾಗುತ್ತದೆಂದು ತಾನೇ ಗರಗಸ ಹಿಡಿದು ಮೊಳದುದ್ದ ಕೊಯ್ದಳು. ಎಡಗೈಯಲ್ಲಿ ಗರಗಸ ಎಳೆಯುವಾಗ ಅವಳ ಮುಖ ನೋಡಬೇಕಿತ್ತು. ಹತ್ತು ವರ್ಷ ಚಿಕ್ಕವಳಾಗಿದ್ದಳು. ಹಿಡಿ ಜಾರುತ್ತದೆಂದು ನಾನು ಹೇಳಿದಾಗ ಅತ್ತಿತ್ತ ನೋಡಿ, ಒಳಗೆ ಹೋಗಿ, ಊಟದ ಹೊತ್ತಿನ ಆ ಪಟ್ಟಿಯನ್ನೇ ತಂದು ಅರ್ಧ ಹರಿದು ಹಿಡಿಗೆ ಬಿಗಿಯಾಗಿ ಸುತ್ತಿದಳು. ಉಳಿದರ್ಧ ಊಟಕ್ಕಿರಲಿ, ಅಪ್ಪನ ಕಣ್ಣಿಗೆ ಬೀಳಬೇಕಲ್ಲ ಎಂದಳು.

ಹಿತ್ತಲಲ್ಲಿ ಹುಲ್ಲಿನ ಬಣವೆಗೆ ಬೆನ್ನು ಮಾಡಿ ನಾನು ನಿಲ್ಲುವುದು, ತೆಂಗಿನ ಮರದ ಬುಡದಿಂದ ಅತ್ತೆ ಎಸೆಯುವುದು. ಅವಳಿಗೆ ರೌಂಡರ್ಸ್ ಎಂದರೆ ಏನೆಂದು ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒರಳು. ಅವಳು ಎಸೆದ ಚೆಂಡು ಬಣವೆಯೊಳಗೆ ಹೊಕ್ಕು ಹೋಗುತ್ತಿತ್ತು, ಹುಲ್ಲು ಕೆದಕಿ ತೆಗೆಯಬೇಕಾಗುತ್ತಿತ್ತು. ಮೊದಮೊದಲು ಎಡಗೈಯಲ್ಲಿ ಹಿಡಿದರೂ ನಾನು ತಡವೇ. ಚೆಂಡು ಬಂದ ಮೇಲೆ ದಾಂಡು ಎತ್ತುತ್ತಿದ್ದೆ.

"ನನ್ ಒನಕೆ ಬೀಳೋವಾಗ ನಿಂದು ಎಲ್ಲಿರ್ಬೇಕು?"

"ಮ್ಯಾಲೆ."

"ಮತ್ತೆ? ನಾನು ಚೆಂಡು ಬಿಡೋವಾಗ್ಲೇ ನಿನ್ ದಾಂಡು ಹಿಂದಕ್ಕೆ ಹೋಗಿ ಕಾಯ್ತಿರ್ಬೇಕು. ಬಂದ ಮೇಲೆ ಎತ್ತಾಕೆ ಹೋದ್ರೆ ಬರಿ ಒರಳು ಕುಟ್ತೀಯ ಅಷ್ಟೆ."

ಅದೊಂದು ಮಾತಿನಿಂದ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ ಬಹಳ ಬೈಗುಳ ತಿಂದೆ. ನಾನು ಬರಿಯ ತೋಳು ಬೀಸುತ್ತಿದ್ದೆ. ಕುಟ್ಟುವವಳು ತೋಳಿನಿಂದ ಕುಟ್ಟುವುದಿಲ್ಲ, ನಡುವಿನಿಂದ ಕುಟ್ಟುತ್ತಾಳೆ ಎಂದು ಅವಳು ಬಂದು ನನ್ನ ಸೊಂಟ ಹಿಡಿದು ತಿರುಗಿಸಿ ತೋರಿಸಿದಳು. ಮುಂದಿನ ಕಾಲು ಮೊದಲು ನೆಲಕ್ಕೆ ಊರಬೇಕು, ಅದರ ಹಿಂದೆ ನಡು ತಿರುಗಬೇಕು, ತೋಳು ಎಲ್ಲಕ್ಕೂ ಕೊನೆಗೆ ಬರಬೇಕು. ಒನಕೆ ಬೀಳುವಾಗ ಹೆಂಗಸರ ಬಾಯಿಂದ ತಾನಾಗಿ ಹೊರಡುವ ಆ "ಹ್ಞುಂ" ಎಂಬ ಉಸಿರು ಇದೆಯಲ್ಲ, ಅದು ದಾಂಡು ಚೆಂಡಿಗೆ ತಾಗುವ ಹೊತ್ತಿಗೇ ಹೊರಡಬೇಕು. ಉಸಿರು ಬಿಗಿಹಿಡಿದರೆ ಕೈಯೂ ಬಿಗಿಯುತ್ತದೆ. ಅವಳು ಚೆಂಡು ಬಿಡುವಾಗ ಒಮ್ಮೆ "ಹ್ಞುಂ" ಎನ್ನುತ್ತಿದ್ದಳು, ನಾನು ಹೊಡೆಯುವಾಗ ಒಮ್ಮೆ "ಹ್ಞುಂ" ಎನ್ನುತ್ತಿದ್ದೆ. ನೆರೆಮನೆಯವರು ನಮ್ಮ ಹಿತ್ತಲಲ್ಲಿ ಎರಡು ಹೊತ್ತೂ ನವಣೆ ಕುಟ್ಟುತ್ತಾರೆ, ಆದರೂ ಒನಕೆಯ ಸದ್ದೇ ಕೇಳುವುದಿಲ್ಲ ಎಂದು ಆಶ್ಚರ್ಯಪಟ್ಟರಂತೆ. ಒಂದು ಸಂಜೆ ಚೆಂಡು ದಾಂಡಿನ ನಟ್ಟನಡುವೆ ತಾಗಿ ತೆಂಗಿನ ಗರಿಗಳ ನಡುವೆ ಹಾದು ತೋಟದಾಚೆ ಬಿತ್ತು. ಕೈಗೆ ಏನೂ ತಾಗಿದ ಹಾಗೇ ಇರಲಿಲ್ಲ, ಅಷ್ಟು ಹಗುರ. ನಾವಿಬ್ಬರೂ ಅದು ಹೋದ ದಾರಿಯನ್ನೇ ನೋಡುತ್ತ ನಿಂತೆವು.

ಹಾಗೆ ನಿಂತಿದ್ದಾಗಲೇ ಅಪ್ಪ ಬಂದ. ಎತ್ತೊಂದು ಕುಂಟುತ್ತಿತ್ತೆಂದು ಹೊಲದಿಂದ ಬೇಗ ಹೊರಟಿದ್ದ. ಹಗ್ಗ ಹಿಡಿದವನು ಹಿತ್ತಲ ಬಾಗಿಲಲ್ಲಿ ಹಾಗೇ ನಿಂತ. ನನ್ನ ಎಡಗೈಯಲ್ಲಿ ದಾಂಡಿತ್ತು. ಅತ್ತೆಯ ಎಡಗೈಯಲ್ಲಿ ಇನ್ನೊಂದು ಚೆಂಡಿತ್ತು.

"ಏನಕ್ಕ ಇದು?"

"ಆಟ," ಎಂದಳು ಅತ್ತೆ.

"ನೀನೇ ಹಿಂಗೆ ಮಾಡಿದ್ರೆ ಹೆಂಗೆ? ಸಖರಾಯಪಟ್ಣದಿಂದ ನಿನ್ನ ಕರ್ಕೊಂಡು ಬಂದ ಗಾಡಿ ಹೊಡ್ದೋನು ನಾನು. ದಾರಿ ಉದ್ದಕ್ಕೂ ಒಂದು ಮಾತಾಡ್ಲಿಲ್ಲ ನೀನು. ಇವ್ಳನ್ನೂ ಹಂಗೇ ಕರ್ಕೊಂಡು ಬರ್ಬೇಕಾ ನಾನು?"

ಅಪ್ಪ ನನ್ನ ಕಡೆ ನೋಡದೆ ಅತ್ತೆಯನ್ನೇ ನೋಡುತ್ತ, ಎತ್ತಿನ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದ. ಅವನಿಗೆ ನನ್ನ ಕೈಯ ಮೇಲೆ ಸಿಟ್ಟು ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಸಿಟ್ಟಲ್ಲ, ಭಯ. ಅತ್ತೆ ಚೆಂಡನ್ನು ಮಡಿಲಿಗೆ ಹಾಕಿಕೊಂಡು ಅವನ ಹತ್ತಿರ ಹೋದಳು.

"ತಮ್ಮ, ಇಲ್ಲಿ ಕೇಳು. ಇವ್ಳು ನನ್ನಂಗಾಗ್ಬಾರ್ದು ಅಂತ ನಾನೇ ಕಟ್ದೆ. ಈಗ ಚೆಂಡು ಬಂದ್ರೂ ಯಾವ ಕೈ ಅಂತ ಕೇಳ್ಕೋತಾಳಂತೆ. ಬಾಗ್ಲು ತೆಗೆಯೋಕೂ ಕೇಳ್ಕೋತಾಳೆ. ನಾಳೆ ಮನೆಗೆ ಬೆಂಕಿ ಬಿದ್ರೂ ನಿಂತ್ಕೊಂಡು ಕೇಳ್ಕೋತಾಳೆ ಕಣಪ್ಪ. ಅದು ಬಾಳಾ?"

"ಎಡಗೈ ಎಡಗೈಯೇ ಅಕ್ಕ."

"ಬೆಳಿಗ್ಗೆ ಎದ್ದು ಸ್ನಾನ ಮಾಡಿ ನೀನು ಲಿಂಗ ಕೂರಿಸ್ಕೊಳ್ಳೋದು ಯಾವ ಅಂಗೈ ಮೇಲೆ?"

"ಅದು ಬ್ಯಾರೆ. ಬಲಗೈಲಿ ಪೂಜೆ ಮಾಡ್ಬೇಕಲ್ಲ, ಅದಕ್ಕೆ."

"ಇರ್ಲಿ. ಅದಕ್ಕೇ ಅನ್ನು. ಆದ್ರೂ ಶಿವ ಕೂತಿದ್ದು ಎಡಗೈಲಿ. ಅವ್ನಿಗೆ ಆಗದ ಮೈಲಿಗೆ ಊಟಕ್ಕೆ ಕೂತ ನೆಂಟ್ರಿಗೆ ಆಗೋಯ್ತಾ?"

ಅಪ್ಪ ಎತ್ತನ್ನು ಕೊಟ್ಟಿಗೆಗೆ ಕಟ್ಟಿ, ಅದರ ಗೊರಸು ನೋಡಿ, ಕೈಕಾಲು ತೊಳೆದು ಒಳಗೆ ಹೋದ. ಅಂದಿನ ಊಟದಲ್ಲಿ ಅರ್ಧ ಪಟ್ಟಿಯನ್ನೇ ಅತ್ತೆ ನನ್ನ ಕೈಗೆ ಕಟ್ಟಿದಳು. ಅದು ಸಾಲದೆ ಬಿಚ್ಚಿ ಬಿಚ್ಚಿ ಬರುತ್ತಿತ್ತು. ಅಪ್ಪ ನೋಡಿಯೂ ನೋಡದವನಂತೆ ಉಂಡು ಎದ್ದ. ತರೀಕೆರೆಯ ಮಾತು ಮುಗಿಯಿತೆಂದೇ ನಾನು ತಿಳಿದೆ.

ಬೆಳಿಗ್ಗೆ ದೇವರ ಕೋಣೆಯಲ್ಲಿ ಅಪ್ಪ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದ. ಬಾಗಿಲ ಸಂದಿನಿಂದ ನನಗೆ ಅವನ ಬೆನ್ನು, ಮುಂದೆ ಚಾಚಿದ ಎಡ ಅಂಗೈ ಕಾಣುತ್ತಿದ್ದವು. ಪತ್ರೆ ಏರಿಸಿಯಾಗಿತ್ತು, ಮಂತ್ರ ಮುಗಿದಿತ್ತು, ಆದರೂ ಅವನು ಆ ಅಂಗೈಯನ್ನೇ ನೋಡುತ್ತ ಕೂತಿದ್ದ. ರೊಟ್ಟಿ ತಿನ್ನಲು ಕೂತಾಗ ಅತ್ತೆ ಪಟ್ಟಿ ಹಿಡಿದು ಬಂದಳು.

"ಬ್ಯಾಡ ಬಿಡಕ್ಕ," ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಉಣ್ಣೋದು ಬಲಗೈಲಿ. ಮಿಕ್ಕಿದ್ದಕ್ಕೆ ನಿನ್ನಿಷ್ಟ. ಆಯ್ತಾ?" ಎಂದ.

ಆಯಿತು ಎಂದು ತಲೆಯಾಡಿಸಿದೆ. ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅಷ್ಟು ದಿನ ಬೆನ್ನ ಹಿಂದೆ ಇದ್ದದ್ದು ಮುಂದೆ ಬಂದು ಕೂತಿತ್ತು. ಎಂಥ ಹಗುರ ಅನ್ನುತ್ತೀರಿ. ಆಮೇಲೆ ನನಗೆ ಮದುವೆಯಾಯಿತು, ಮಕ್ಕಳಾದವು, ಒಂದೊಂದು ಕಷ್ಟ ಬಂದು ಒಂದೊಂದು ಕಳೆದವು. ಆದರೆ ಆ ರೊಟ್ಟಿಯ ತಟ್ಟೆಯ ಮುಂದೆ ಬಿಟ್ಟಂಥ ನಿಟ್ಟುಸಿರನ್ನು ನಾನು ಮತ್ತೆ ಬಿಟ್ಟದ್ದು ಕಡಿಮೆ.

ಟೀಚರಮ್ಮನ ಮುಂದೆ ಎಡಗೈಯಲ್ಲಿ ಹೊಡೆದು ತೋರಿಸಿದೆ. ಅವರು ಏನೂ ಕೇಳದೆ ನನ್ನ ಹೆಸರು ಸೇರಿಸಿಕೊಂಡರು. ರುದ್ರಿಯನ್ನೂ ಬಿಡಲಿಲ್ಲ, ನಾಲ್ಕನೆಯ ಗೂಟದ ಹತ್ತಿರ ಅವಳಿಗೂ ಒಂದು ಜಾಗ ಕೊಟ್ಟರು. ಹೊರಡುವ ದಿನ ಅಪ್ಪನೇ ಗಾಡಿ ಹೂಡಿ ನಮ್ಮನ್ನು ಸ್ಟೇಷನ್ನಿಗೆ ಬಿಟ್ಟ. ಬಿ‌ಟ್ಟವನು ಹಿಂದಿರುಗಲಿಲ್ಲ, ಗಾಡಿಯನ್ನು ಪರಿಚಯದವರಿಗೆ ಒಪ್ಪಿಸಿ ತಾನೂ ರೈಲು ಹತ್ತಿದ. ತರೀಕೆರೆಯ ಅಮಲ್ದಾರರ ಕಚೇರಿಯಲ್ಲಿ ಖಾತೆಯ ಕೆಲಸವಿದೆ ಎಂದು ಟೀಚರಮ್ಮನಿಗೆ ಹೇಳಿದ. ಅಂದು ಭಾನುವಾರ. ಕಚೇರಿಗೆ ಬೀಗ ಬಿದ್ದಿರುತ್ತದೆಂದು ಟೀಚರಮ್ಮನಿಗೂ ಗೊತ್ತಿತ್ತು, ಅವರು ಹೌದೇನ್ರೀ ಎಂದು ಸುಮ್ಮನಾದರು.

ತರೀಕೆರೆಯ ಶಾಲೆಯ ಬಯಲು ದೊಡ್ಡದು, ಸುತ್ತ ಬೇಲಿ, ಬೇಲಿಯಾಚೆ ನೋಡಬಂದ ಜನ. ನನ್ನ ಸರದಿ ಬಂತು. ಅಷ್ಟು ಜನರ ಕಣ್ಣು ನನ್ನ ಮೇಲೆ ಬಿದ್ದದ್ದೇ ಹಳೆಯ ಪ್ರಶ್ನೆ ಎದ್ದುಬಂತು: ಯಾವ ಕೈ? ಹಿತ್ತಲಲ್ಲಿ ಕಲಿತದ್ದೆಲ್ಲ ಬಯಲಿನಲ್ಲಿ ಮರೆತು, ಯಾವಾಗ ಬದಲಾಯಿಸಿದೆನೋ ತಿಳಿಯದು, ದಾಂಡು ಬಲಗೈಯಲ್ಲಿತ್ತು. ಚೆಂಡು ಬಂತು, ಹೋಯಿತು, ಆಮೇಲೆ ನನ್ನ ದಾಂಡು ಬೀಸಿತು. ತರೀಕೆರೆಯ ಹುಡುಗಿಯರು ನಕ್ಕರು. ಮತ್ತೊಂದು ಚೆಂಡಿಗೆ ಅವಕಾಶವಿತ್ತು. ಎಸೆಯುವವಳು ಕೈ ಹಿಂದಕ್ಕೆ ಒಯ್ಯುವಷ್ಟರಲ್ಲಿ ಬೇಲಿಯ ಕಡೆಯಿಂದ ಒಂದು ಗಂಡುದನಿ ಬಂತು.

"ಪಾರೀ, ಕೈ ಬದಲಾಯಿಸು."

ಅಪ್ಪನ ದನಿ. ಅಷ್ಟು ಜನರ ನಡುವೆ, ಹೊಲದಲ್ಲಿ ಎತ್ತನ್ನು ಕೂಗುವಷ್ಟು ಜೋರಾಗಿ. ನಾನು ಬದಲಾಯಿಸಿದೆ. ದಾಂಡು ಹಿಂದಕ್ಕೆ ಹೋಗಿ ಕಾಯುತ್ತ ನಿಂತಿತು, ಕಾಲು ಊರಿತು, ನಡು ತಿರುಗಿತು, ಬಾಯಿಂದ "ಹ್ಞುಂ" ಬಂತು. ಎಡಗೈಯಲ್ಲಿ ಹೊಡೆದಾಳೆಂದು ಯಾರು ತಿಳಿದಿದ್ದರು? ಎಲ್ಲರೂ ಒಂದು ಮಗ್ಗುಲಿಗೆ ನಿಂತಿದ್ದರು, ಚೆಂಡು ಯಾರೂ ಇಲ್ಲದ ಮಗ್ಗುಲಿಗೆ ಹಾರಿ ಬೇಲಿ ದಾಟಿತು. ಗೂಟಗಳನ್ನೆಲ್ಲ ಸುತ್ತಿ ಬಂದು ನಿಂತಾಗ ಉಸಿರಿಗಿಂತ ಹೆಚ್ಚಾಗಿ ನಗು ಬರುತ್ತಿತ್ತು. ಕೊನೆಗೆ ಗೆದ್ದವರು ತರೀಕೆರೆಯವರೇ, ಅದನ್ನೂ ಹೇಳಿಬಿಡುತ್ತೇನೆ. ನನಗೆ ಅದು ತಾಗಲೇ ಇಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಬಾಗಿಲಲ್ಲೇ ಇದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ, ಬಿಸಿನೀರು ಕಾದಿದೆ ಎಂದಳು, ಮುದ್ದೆ ಆರುತ್ತದೆ ಎಂದಳು. ನಾವಿಬ್ಬರೂ ಊಟಕ್ಕೆ ಕೂತೆವು. ಅಪ್ಪ ಎಂದೂ ಊಟದಲ್ಲಿ ಮಾತಾಡುವವನಲ್ಲ. ಅಂದು ಮುದ್ದೆ ಮುರಿಯುವುದನ್ನೂ ಬಿಟ್ಟು ಶುರು ಮಾಡಿದ. ರೈಲು, ಬಯಲು, ನಕ್ಕ ಹುಡುಗಿಯರು, ಆಮೇಲೆ ಚೆಂಡು. ತಾನು ಕೂಗಿದ್ದನ್ನು ಮಾತ್ರ ಹೇಳಲಿಲ್ಲ.

"ಹಿಂಗೆ ನೋಡಕ್ಕ," ಎಂದು ಎಡಗೈ ಎತ್ತಿ ಬೀಸಿ ತೋರಿಸಿದ. "ಹ್ಞುಂ ಅಂದ್ಲು, ಹೊಡೆದ್ಲು. ಬೇಲಿ ಆಚೆಗೆ ಹೋಯ್ತು ಅಂತೀನಿ. ನಮ್ಮ ಒನಕೆ ತುಂಡು ಕಣಕ್ಕ."

ಅತ್ತೆ ಹುರುಳಿ ಸಾರಿನ ಪಾತ್ರೆ ಮುಂದಿಟ್ಟುಕೊಂಡು ಬಾಯಿ ಅರ್ಧ ತೆರೆದು ಕೇಳುತ್ತಿದ್ದಳು. ಕೇಳುತ್ತ ಕೇಳುತ್ತಲೇ ಸೌಟು ತುಂಬಿ ಅಪ್ಪನ ತಟ್ಟೆಗೆ ಸಾರು ಬಿಟ್ಟಳು. ಬಿಟ್ಟ ಮೇಲೆ ಅವಳಿಗೆ ಅರಿವಾಯಿತು. ಸೌಟು ಎಡಗೈಯಲ್ಲಿತ್ತು. ಸಖರಾಯಪಟ್ಟಣದಿಂದ ಬಂದ ಮೇಲೆ ಆ ಕೈಯಿಂದ ಒಬ್ಬರಿಗೂ ಬಡಿಸಿರದವಳು ಹಾಗೇ ನಿಂತುಬಿಟ್ಟಳು, ಸೌಟು ತಟ್ಟೆಯ ಮೇಲೆ ಗಾಳಿಯಲ್ಲಿ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸೌಟನ್ನು ನೋಡಿದ, ಅದನ್ನು ಹಿಡಿದ ಕೈಯನ್ನು ನೋಡಿದ, ತಟ್ಟೆಯನ್ನು ಅವಳ ಕಡೆಗೆ ಸ್ವಲ್ಪ ಮುಂದೆ ಸರಿಸಿದ.

"ಇನ್ನೊಂದು ಸೌಟು ಹಾಕಕ್ಕ."

ಅತ್ತೆ ಕೈ ಬದಲಾಯಿಸಲಿಲ್ಲ. ಹಾಕಿದಳು.